ಕತ್ತರಿಸಿ ಹೋದ ಹೂಂ

ಕುರ್ಚಿಯಲ್ಲಿ ಕೂತ ಕೂಡಲೇ ಪಕ್ಕದ ಮನೆಯ ಮಿಸ್ಸಿನ ಪಾದಗಳು ಆಡತೊಡಗುತ್ತಿದ್ದವು. ಬಲಗಾಲು ನೆಲವನ್ನು ಒತ್ತುವಾಗ ಎಡಗಾಲಿನ ಬೆರಳುಗಳು ಮೇಲೇಳುತ್ತಿದ್ದವು, ಎಡಗಾಲು ಒತ್ತುವಾಗ ಬಲಗಾಲಿನವು. ಚರ್ಚಿನ ಹಳೆಯ ಆರ್ಗನ್ನಿಗೆ ಕಾಲಿನಿಂದಲೇ ಗಾಳಿ ತುಂಬಬೇಕಿತ್ತು. ಮದುವೆಗೆ ಮುಂಚಿನಿಂದಲೂ ಅದನ್ನು ನುಡಿಸುತ್ತ ಬಂದ ಆ ಪಾದಗಳಿಗೆ ಸುಮ್ಮನಿರುವುದೇ ಮರೆತುಹೋಗಿತ್ತು. ಸಿಟಿ ಬಸ್ಸಿನಲ್ಲಿ, ಡಾಕ್ಟರ ಶಾಪಿನ ಬೆಂಚಿನ ಮೇಲೆ, ನಮ್ಮ ಮನೆಯ ಜಗುಲಿಯಲ್ಲಿ, ಎಲ್ಲೇ ಕೂತರೂ ಅದೇ. ಹಿಮ್ಮಡಿ ಒಡೆದು, ಬೆರಳುಗಳು ಅಗಲಕ್ಕೆ ಹರಡಿಕೊಂಡ ಪಾದಗಳು. ನಮ್ಮಮ್ಮ, "ಟೀಚ್ರೇ, ಕೂತಲ್ಲಿ ಕಾಲಾಡಿಸ್ಬೇಡಿ, ಮನೆಗೊಳ್ಳೇದಲ್ಲ" ಅಂದರೆ, "ಗಾಳಿ ನಿಂತ್ರೆ ದೇವ್ರ ಹಾಡೂ ನಿಂತೋಗುತ್ತೆ ಕಣಮ್ಮ" ಎಂದು ನಗುತ್ತಿದ್ದರು.

ನಜರ್‌ಬಾದಿನಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಈ ಕಡೆ ಅಪ್ಪ ಲಿಂಗಪೂಜೆಗೆ ಕೂತಿದ್ದರೆ ಆ ಕಡೆಯಿಂದ ಅವರ ಪ್ರಾರ್ಥನೆ ಕೇಳುತ್ತಿತ್ತು. ವಾರವೆಲ್ಲ ಕಾನ್ವೆಂಟಿನಲ್ಲಿ ಹಾಡು ಕಲಿಸುವುದು, ಭಾನುವಾರ ಚರ್ಚಿನಲ್ಲಿ ಆರ್ಗನ್ ನುಡಿಸುವುದು. ದೊಡ್ಡವರಿಗೆ ಅವರು ಟೀಚರು, ನಮ್ಮಂಥ ಮಕ್ಕಳಿಗೆಲ್ಲ ಮಿಸ್. ರೈಲ್ವೆಯಲ್ಲಿದ್ದ ಗಂಡ ಬೇಗ ತೀರಿಕೊಂಡಿದ್ದರು. ಉಳಿದವಳು ಒಬ್ಬಳೇ ಮಗಳು, ರೀಟಾ.

ರೀಟಾ ನನಗಿಂತ ಸ್ವಲ್ಪ ದೊಡ್ಡವಳು. ಸಂಜೆ ದೀಪ ಹಚ್ಚುವ ಹೊತ್ತಿಗೆ ಪಿಟೀಲು ಹಿಡಿಯುತ್ತಿದ್ದಳು. ಮಿಸ್ ಪಕ್ಕದಲ್ಲಿ ಹಾರ್ಮೋನಿಯಂ ಇಟ್ಟುಕೊಂಡು ಅವಳಿಗೆ ಜೊತೆ ಕೊಡುತ್ತಿದ್ದರು. ಅಂಗಡಿಯಿಂದ ಬಂದ ಅಪ್ಪ ಆ ಗೋಡೆಗೇ ಬೆನ್ನು ಕೊಟ್ಟು ಕಾಫಿ ಕುಡಿಯುತ್ತಿದ್ದರು. ಅಪಸ್ವರ ಬಂದಾಗ ಆಚೆ ಕಡೆ ಮಿಸ್ ಗದರುವುದು, ರೀಟಾ ನಗುವುದು, ಮತ್ತೆ ಮೊದಲಿನಿಂದ ಶುರುವಾಗುವುದು, ಇದಿಲ್ಲದೆ ನಮ್ಮ ಮನೆಯ ಸಂಜೆಯೂ ಆಗುತ್ತಿರಲಿಲ್ಲ.

ತೊಂಬತ್ತರ ದಶಕದ ನಡುವೆ ಆ ಹುಡುಗಿಗೆ ಕಾಮಾಲೆಯಾಯಿತು. ಆಗ ಡಿಗ್ರಿ ಓದುತ್ತಿದ್ದಳು. ಹಾಸಿಗೆ ಹಿಡಿದವಳನ್ನು ಆಸ್ಪತ್ರೆಗೆ ಸೇರಿಸಿದರು, ಅಲ್ಲಿಂದ ಅವಳು ಬರಲಿಲ್ಲ. ಗೋಡೆ ಸುಮ್ಮನಾಯಿತು. ಮಿಸ್ ಚರ್ಚಿನಲ್ಲಿ ಮಾತ್ರ ನುಡಿಸುತ್ತಿದ್ದರು; ಮನೆಯ ಹಾರ್ಮೋನಿಯಮ್ಮಿಗೆ ಬಟ್ಟೆ ಹೊದಿಸಿಬಿಟ್ಟರು.

ಆ ವರ್ಷವೇ ಒಂದು ಸಂಜೆ ಅಮ್ಮ ಕೊಟ್ಟ ಪಾಯಸದ ಲೋಟ ಹಿಡಿದು ನಾನು ಅವರ ಮನೆಗೆ ಹೋಗಿದ್ದೆ. ದೀಪ ಹಾಕಿರಲಿಲ್ಲ. ಮಿಸ್ ಪಿಟೀಲಿನ ಪೆಟ್ಟಿಗೆಯಿದ್ದ ಮೂಲೆಯ ಕಡೆ ಮುಖ ಮಾಡಿ ಕೂತಿದ್ದರು. ನನ್ನತ್ತ ತಿರುಗದೆ, "ಈ ಹೊತ್ಗೆ ಶ್ರುತಿ ಮಾಡ್ಕೊಳೋಳು" ಅಂದರು. ನಾನು ಲೋಟ ಹಿಡಿದೇ ನಿಂತೆ. "ಕೂತ್ಕೊ ಕಣೇ. ಮಧ್ಯದಲ್ಲಿ ಎದ್ದೋಗ್ಬಾರ್ದು. ಮುಗಿಯೋಗಂಟ ಕೂತ್ಕೊ."

ಕೂತೆ. ಏನೂ ಕೇಳಿಸುತ್ತಿರಲಿಲ್ಲ. ಬೀದಿಯಲ್ಲಿ ಒಂದು ಆಟೋ ಹೋಯಿತು, ಯಾರ ಮನೆಯಲ್ಲೋ ಕುಕ್ಕರ್ ಕೂಗಿತು. ನನ್ನ ಕೈಯಲ್ಲಿ ಲೋಟ ಆರುತ್ತಿತ್ತು. ಬಹಳ ಹೊತ್ತಿನ ಮೇಲೆ ಅವರು ನಿಟ್ಟುಸಿರಿಟ್ಟು, "ಮುಗೀತು" ಅಂದು ಎದ್ದು ದೀಪ ಹಾಕಿದರು. ಆಮೇಲೆ ಪಾಯಸ ಚೆನ್ನಾಗಿದೆ, ಏಲಕ್ಕಿ ಸ್ವಲ್ಪ ಮುಂದಾಗಿದೆ ಎಂದರು. ನಾನು ಮನೆಗೆ ಬಂದು ಅಮ್ಮನಿಗೆ ಏನೂ ಹೇಳಲಿಲ್ಲ. ಹೆದರಿಕೆಯಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಆ ಕತ್ತಲೆಯಲ್ಲಿ ನಿಜವಾಗಿಯೂ ಏನೋ ಮುಗಿದಂತೆ ನನಗೂ ಅನ್ನಿಸಿತ್ತು.

ನಾನು ಓದು ಮುಗಿಸಿ ಕುವೆಂಪುನಗರದ ಒಂದು ಸ್ಟುಡಿಯೋದಲ್ಲಿ ಮದುವೆ ವಿಡಿಯೋಗಳ ಎಡಿಟಿಂಗ್ ಕೆಲಸಕ್ಕೆ ಸೇರಿದೆ. ಧಾರೆಗೊಂದು ಸಿನಿಮಾ ಹಾಡು, ಊಟಕ್ಕೊಂದು, ಹೆಣ್ಣೊಪ್ಪಿಸುವುದಕ್ಕೊಂದು. ಯಾರ ಹಾಡು, ಯಾರು ಬಿಟ್ಟುಕೊಟ್ಟರು ಎಂದು ಯಾರೂ ಕೇಳುತ್ತಿರಲಿಲ್ಲ. ಎರಡು ಸಾವಿರದ ಐದರ ಸುಮಾರಿಗೆ ಮಹಿಳಾ ಸಂಘವೊಂದು ಊದುಬತ್ತಿ ಹೊಸೆಯುವ ಹೆಂಗಸರ ಮೇಲೆ ಕಿರುಚಿತ್ರ ಮಾಡಿಕೊಡಲು ಕೇಳಿತು. ಅದನ್ನು ಹೊರಗಿನ ಒಂದು ಚಿತ್ರೋತ್ಸವಕ್ಕೆ ಕಳಿಸುವವರಿದ್ದರು. ಸಂಗೀತ ಯಾರದೋ ಅವರ ಒಪ್ಪಿಗೆ ಇರಲೇಬೇಕು ಎಂಬುದು ಅಲ್ಲಿಯ ನಿಯಮ. ಸ್ಟುಡಿಯೋ ಯಜಮಾನರು, "ಯಾವ್ದಾದ್ರೂ ಒಂದು ಹಾಕ್ಬುಡಮ್ಮ, ಯಾರು ಬಂದು ಕೇಳ್ತಾರೆ" ಅಂದರು. ನಾನು ಬ್ರೌಸಿಂಗ್ ಸೆಂಟರಿಗೆ ಹೋಗಿ, ಪುಕ್ಕಟೆ ಸಂಗೀತ ಕೊಡುವ ತಾಣಗಳನ್ನು ಹುಡುಕಿದೆ.

ಹುಡುಕಿದಷ್ಟೂ ತಲೆ ಕೆಟ್ಟಿತು. ಎಲ್ಲವೂ ಪುಕ್ಕಟೆಯೇ, ಆದರೆ ಒಂದೊಂದಕ್ಕೂ ಒಂದೊಂದು ಕಟ್ಟಳೆ. ಒಬ್ಬರು ಹೆಸರು ಹಾಕಿದರೆ ಸಾಕು ಎನ್ನುತ್ತಿದ್ದರು. ಇನ್ನೊಬ್ಬರು ವ್ಯಾಪಾರಕ್ಕೆ ಬಳಸಬೇಡಿ ಎನ್ನುತ್ತಿದ್ದರು. ಮತ್ತೊಬ್ಬರದನ್ನು ಒಂದು ಸ್ವರವೂ ಕತ್ತರಿಸುವಂತಿರಲಿಲ್ಲ. ಸಂಜೆ ಕಾಂಪೌಂಡಿನಲ್ಲಿ ನಿಂತು ಇದನ್ನೆಲ್ಲ ಮಿಸ್ಸಿಗೆ ಹೇಳಿದಾಗ ಅವರಿಗೆ ಮೊದಲು ನಗು ಬಂತು. "ದಾನಕ್ಕೂ ಷರತ್ತಾ?" ಎಂದರು. ಆಮೇಲೆ ಏನೋ ಯೋಚಿಸುತ್ತ ಒಳಗೆ ಹೋದವರು ಒಂದು ಕ್ಯಾಸೆಟ್ ತಂದು ನನ್ನ ಕೈಯಲ್ಲಿಟ್ಟರು. ಮನೆಯಲ್ಲೇ ಟೇಪ್ ರೆಕಾರ್ಡರಿನಲ್ಲಿ ಹಿಡಿದದ್ದು. ಮಿಸ್ಸೇ ಕಟ್ಟಿದ ಒಂದು ರಾಗ; ಪಿಟೀಲು ರೀಟಾಳದು, ಹಾರ್ಮೋನಿಯಂ ಅವರದು.

ಸ್ಟುಡಿಯೋದಲ್ಲಿ ಹೆಡ್‌ಫೋನ್ ಹಾಕಿಕೊಂಡು ಅದನ್ನು ಕಂಪ್ಯೂಟರಿಗೆ ಇಳಿಸಿದೆ. ಮೊದಲು ಟೇಪಿನ ಸುಯ್ಯೆನ್ನುವ ಸದ್ದು. ನಂತರ ರೀಟಾಳ ಮಾತು, ಕಿವಿಯ ಪಕ್ಕದಲ್ಲೇ ನಿಂತಂತೆ: "ಅಮ್ಮ, ಶುರು ಮಾಡ್ಲಾ?" ಒಂದು ಗಳಿಗೆ ಬಿಟ್ಟು ಮಿಸ್ಸಿನ ದನಿ, "ಹೂಂ." ಆಮೇಲೆ ಪಿಟೀಲು. ನಾನು ಹೆಡ್‌ಫೋನ್ ತೆಗೆದು ಸ್ವಲ್ಪ ಹೊತ್ತು ಹೊರಗೆ ರಸ್ತೆಯಲ್ಲಿ ನಿಂತೆ.

ಮಾತನ್ನು ತೆಗೆದುಹಾಕಲೇ ಎಂದು ಕೇಳಿದ್ದಕ್ಕೆ ಮಿಸ್, "ನಿನ್ನ ಸಿನಿಮಾಕ್ಕೆ ಬೇಡ್ದಿದ್ರೆ ತೆಗಿ. ಉಳಿದಿದ್ರಲ್ಲಿ ಇರ್ಲಿ" ಅಂದರು. ಉಳಿದದ್ದು ಯಾವುದು ಎಂದು ನನಗೆ ಅರ್ಥವಾಗಲಿಲ್ಲ. ಆಗ ಅವರೇ ಹೇಳಿದರು: ಆ ತಾಣಗಳಲ್ಲಿ ಬೇರೆಯವರು ಇಟ್ಟ ಹಾಗೆ ಇದನ್ನೂ ಇಡಬಹುದಲ್ಲವೇ? "ಟೇಪು ಬೂಷ್ಟು ಹಿಡಿಯುತ್ತೆ ಕಣೇ. ಪೆಟ್ಟಿಗೇಲಿಟ್ಟು ಏನ್ ಮಾಡ್ಲಿ? ಅವಳ್ಗೆ ಊರೂರು ತಿರುಗಿ ನುಡಿಸ್ಬೇಕು ಅಂತಿತ್ತು. ತಿರುಗ್ಲಿ ಬುಡು."

ಬ್ರೌಸಿಂಗ್ ಸೆಂಟರಿನ ಕುರ್ಚಿಯಲ್ಲಿ ಅವರನ್ನು ಪಕ್ಕದಲ್ಲೇ ಕೂರಿಸಿಕೊಂಡೆ. ತಾಣ ಒಂದೊಂದಾಗಿ ಪ್ರಶ್ನೆ ಕೇಳಿತು. ಬೇರೆಯವರು ವ್ಯಾಪಾರಕ್ಕೆ ಬಳಸಬಹುದೇ? ಬದಲಾಯಿಸಬಹುದೇ? ನಾನು ಓದಿ ಹೇಳಿ, "ನಿಧಾನವಾಗಿ ಯೋಚ್ನೆ ಮಾಡಿ ಮಿಸ್" ಅಂದೆ. "ಕೊಡೋದಾದ್ರೆ ಕಟ್ಟಿಹಾಕಿ ಕೊಡ್ಬಾರ್ದು. ಎಲ್ಲದಕ್ಕೂ ಹೂಂ ಅನ್ನು" ಎಂದರು. ಹೆಸರು ಹೇಗೆ ಹಾಕಬೇಕು ಎಂಬ ಜಾಗ ಬಂದಾಗ ಮಾತ್ರ ಗಟ್ಟಿಯಾಗಿ ನುಡಿದರು: "ರೀಟಾ ಅಂತ ಹಾಕು. ನನ್ನ ಹೆಸ್ರು ಬೇಡ." ರಾಗ ಕಟ್ಟಿದ್ದು ನೀವಲ್ಲವೇ ಎಂದೆ. "ನಂದು ಎಲ್ಲೂ ಬೇಡ ಕಣೇ" ಎಂದರು. ಈ ಬರಹದಲ್ಲೂ ಅವರ ಹೆಸರಿಲ್ಲದಿರುವುದು ಅದಕ್ಕೇ.

ಮಾರನೆಯ ವರ್ಷದ ಬೇಸಿಗೆ. ಭಾನುವಾರ ಅಮ್ಮ ಮತ್ತು ಮಿಸ್ ಮಹಡಿಯ ಮೇಲೆ ಸಂಡಿಗೆ ಇಟ್ಟು, ಬಿಸಿಲು ತಾಳದೆ ಕೆಳಗೆ ಬಂದು ಮಜ್ಜಿಗೆ ಕುಡಿಯುತ್ತಿದ್ದರು. ಟಿವಿಯಲ್ಲಿ ಊರಿನ ಕೇಬಲ್ ಚಾನೆಲ್ ಹಾಕಿಟ್ಟಿತ್ತು, ಯಾರೂ ನೋಡುತ್ತಿರಲಿಲ್ಲ. ಇದ್ದಕ್ಕಿದ್ದಂತೆ ಕೋಣೆಯೊಳಗೆ ರೀಟಾ ಮಾತಾಡಿದಳು.

"ಅಮ್ಮ, ಶುರು ಮಾಡ್ಲಾ?"

"ಹೂಂ" ಅಂದರು ಮಿಸ್, ಮಜ್ಜಿಗೆಯ ಲೋಟದಿಂದ ತಲೆ ಎತ್ತದೆ.

ಪಿಟೀಲಿನ ಎರಡು ಸಾಲು ಬಂತು. ಪರದೆಯ ಮೇಲೆ ಪುಟ್ಟ ಹುಡುಗಿಯೊಬ್ಬಳು ಹೊಸ ಯೂನಿಫಾರ್ಮ್ ತೊಟ್ಟು ಬ್ಯಾಗು ಹೆಗಲಿಗೇರಿಸುತ್ತಿದ್ದಳು. ಮೇಲಿಂದ ಗಂಡಸಿನ ದನಿ ಬಟ್ಟೆ ಅಂಗಡಿಯ ವಿಳಾಸ ಹೇಳಿತು. ಅಷ್ಟರಲ್ಲಿ ಮುಂದಿನ ಜಾಹೀರಾತು ಬಂದಿತ್ತು. ಅಮ್ಮನ ಕೈಯಿಂದ ಲೋಟ ಜಾರಿ ಮಜ್ಜಿಗೆ ನೆಲದ ತುಂಬ ಹರಿಯಿತು. ಯಾರೂ ಒರೆಸಲು ಏಳಲಿಲ್ಲ. ಮಿಸ್ ಟಿವಿಯ ಹತ್ತಿರ ಹೋಗಿ, ಅದರ ಹಿಂದೆ ಯಾರಾದರೂ ಇದ್ದಾರೇನೋ ಎಂಬಂತೆ ಬಗ್ಗಿ ನೋಡಿದರು.

ಶಾಲೆಗಳು ತೆರೆಯುವ ಕಾಲ. ಆ ಜಾಹೀರಾತು ಮತ್ತೆ ಮತ್ತೆ ಬರುತ್ತಿತ್ತು. ಮಿಸ್ಸಿನ ಮನೆಯಲ್ಲಿ ಟಿವಿ ಇರಲಿಲ್ಲ. ದಿನವೂ ಮಧ್ಯಾಹ್ನ ಬಂದು ನಮ್ಮ ನಡುಮನೆಯಲ್ಲಿ ಕೂರತೊಡಗಿದರು. ದನಿ ಬಂದಾಗಲೆಲ್ಲ ಮೆಲ್ಲಗೆ "ಹೂಂ" ಎನ್ನುತ್ತಿದ್ದರು. ಅಮ್ಮ ಅಡುಗೆಮನೆಯಲ್ಲಿ ನನ್ನ ಕೈ ಹಿಡಿದುಕೊಂಡು, "ಹೋದೋಳು ಬಂದವ್ಳೆ ಅಂತ ಇಂಗೇ ಕೂತಿದ್ರೆ ಎಂಗಮ್ಮ? ನಂಗ್ಯಾಕೋ ಭಯ ಆಯ್ತದೆ" ಅಂದಳು. ಬೀದಿಯಲ್ಲಿ ಯಾರ ಮನೆಯ ಮುಂದೆ ಹಾದರೂ ಕಿಟಕಿಯಿಂದ ಅದೇ ಪ್ರಶ್ನೆ ಕೇಳಿಬರುತ್ತಿತ್ತು. ನಾನು ಸ್ಕೂಟಿಯಲ್ಲಿ ಹೋಗುವಾಗ ಕಿವಿಗೆ ದುಪಟ್ಟಾ ಸುತ್ತಿಕೊಳ್ಳುತ್ತಿದ್ದೆ.

ಒಂದು ಮಧ್ಯಾಹ್ನ ಮಿಸ್ ನನ್ನ ಸ್ಟುಡಿಯೋಗೇ ಬಂದರು.

"ಅವ್ಳು ಕೇಳ್ತಾಳೆ, ನಾನು ಹೂಂ ಅಂತೀನಿ ಅಲ್ವಾ ಟೇಪ್‌ನಲ್ಲಿ? ಆ ಹೂಂ ಕತ್ತರಿಸ್ಬುಟ್ಟವ್ರೆ" ಅಂದರು. "ನಿಮ್ಮನೇಲಿ ನಾನು ಹೇಳ್ತೀನಿ, ಸರಿ. ಮಿಕ್ಕ ಮನೆಗಳಲ್ಲಿ? ಊರ ತುಂಬ ಕೇಳ್ತಾನೇ ಇದಾಳೆ, ಯಾರೂ ಉತ್ರ ಕೊಡ್ತಿಲ್ಲ."

ಅವರ ಕಣ್ಣಲ್ಲಿ ನೀರಿರಲಿಲ್ಲ. ಪಾಠ ಮಾಡುವಾಗಿನ ಹಾಗೆ ಕನ್ನಡಕ ಸರಿಮಾಡಿಕೊಂಡು, "ನಾನೇನಕ್ಕೆ ಒಪ್ಪಿದೀನೋ ಅದನ್ನ ಪೂರ್ತಿ ತೆಗಿ. ಓದ್ಬೇಕು" ಎಂದರು.

ಅಂದು ನಾವು ಒಪ್ಪಿದ್ದು ಸರಳ ಮಾತಿನ ಒಂದು ಪುಟಕ್ಕೆ. ಅದರ ಹಿಂದೆ ವಕೀಲರ ಭಾಷೆಯ ಉದ್ದನೆಯ ಪತ್ರವಿತ್ತು. ಅದನ್ನು ಪ್ರಿಂಟ್ ತೆಗೆದುಕೊಟ್ಟೆ. ಮಿಸ್ಸಿಗೆ ಇಂಗ್ಲಿಷ್ ನನಗಿಂತ ಚೆನ್ನಾಗಿ ಬರುತ್ತಿತ್ತು. ಒಂದೊಂದು ಸಾಲಿನ ಕೆಳಗೂ ಬೆರಳಿಟ್ಟು ಓದಿದರು, ತಡವರಿಸಿದಲ್ಲಿ ಹಿಂದಕ್ಕೆ ಹೋಗಿ ಮತ್ತೆ ಓದಿದರು. ಬಳಸುವವರು ಕತ್ತರಿಸಬಹುದು, ಸೇರಿಸಬಹುದು. ಅದಕ್ಕೆ ನಾವೇ ಒಪ್ಪಿದ್ದೆವು. ಆದರೆ ಬದಲಾಯಿಸಿದ್ದೇವೆ ಎಂದು ತಿಳಿಸಬೇಕು. ಕೊಟ್ಟವರು ಹೇಳಿದ ಹೆಸರನ್ನು ಹಾಕಲೇಬೇಕು. ಇನ್ನೊಂದು ಸಾಲಿನ ಮೇಲೆ ಅವರ ಬೆರಳು ನಿಂತಿತು. ಒಮ್ಮೆ ಕೊಟ್ಟ ಅನುಮತಿಯನ್ನು ಹಿಂದಕ್ಕೆ ಪಡೆಯುವಂತಿಲ್ಲ. ನಾಳೆ ತಾಣದಿಂದ ತೆಗೆದರೂ, ಆಗಲೇ ತೆಗೆದುಕೊಂಡವರ ಬಳಿ ಅದು ಹಾಗೇ ಉಳಿಯುತ್ತದೆ.

"ಹೋದದ್ದು ವಾಪಸ್ ಬರಲ್ಲ ಅಂತ" ಎಂದರು ಮಿಸ್. "ಇದೊಂದು ನಂಗೆ ಮುಂಚೆನೇ ಗೊತ್ತಿತ್ತು."

ಕಾಗದವನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡರು. "ಹೆಸ್ರು ಕೇಳಕ್ಕೆ ನಂಗೆ ಹಕ್ಕಿದೆ. ಹೂಂ ಕೇಳಕ್ಕೆ ಹಕ್ಕಿಲ್ಲ. ಅದನ್ನ ಸುಮ್ನೆ ಕೇಳ್ಬೇಕು, ಕೈಮುಗ್ದು. ನಡಿ."

ಚಾನೆಲ್ಲಿನವರನ್ನು ವಿಚಾರಿಸಿದಾಗ, ಜಾಹೀರಾತು ಮಾಡಿದವನು ರಾಜೀವನಗರದಲ್ಲಿದ್ದಾನೆಂದು ತಿಳಿಯಿತು. ವೆಲ್ಡಿಂಗ್ ಶಾಪಿನ ಮೇಲಿನ ಒಂದು ಕೋಣೆ. ಮೂವತ್ತರ ಆಸುಪಾಸಿನ ಮನುಷ್ಯ, ಹೊಸದಾಗಿ ಕಂಪ್ಯೂಟರ್ ಹಾಕಿಕೊಂಡಿದ್ದ. ನಾವು ಬಂದ ವಿಷಯ ಹೇಳಿದ್ದೇ ತಡ, ಅವನು ಎದ್ದು ನಿಂತ. ಕೇಸು ಹಾಕಲು ಬಂದಿದ್ದಾರೆ ಎಂದುಕೊಂಡ.

"ಫ್ರೀ ಅಂತ ಇತ್ತು ಮೇಡಂ, ಖುದಾ ಕಸಮ್. ಯಾರ್ದೂ ಅಲ್ಲ ಅಂದ್ಕೊಂಡೆ."

"ಫ್ರೀ ಅಂದ್ರೆ ಯಾರ್ದೂ ಅಲ್ಲ ಅಂತಲ್ಲಪ್ಪ. ಯಾರೋ ಕೊಟ್ಟವ್ರೆ ಅಂತ" ಎಂದರು ಮಿಸ್. "ನಂಗೆ ಕೇಸೂ ಬೇಡ, ಏನೂ ಬೇಡ. ಇದು ನನ್ ಮಗಳು. ಅವಳ ಹೆಸ್ರು ಒಂಚೂರು ಹಾಕು. ಆಮೇಲೆ... ಅವ್ಳು ಕೇಳಿದ್ಮೇಲೆ ನಾನು ಹೂಂ ಅಂದಿದೀನಿ. ಜಾಗ ಇದ್ರೆ ಅದನ್ನೂ ಸೇರ್ಸು."

ಅವನು ಮೂಲ ರೆಕಾರ್ಡನ್ನು ಹುಡುಕಿ ಹಾಕಿದ. ಕೆಳಗೆ ವೆಲ್ಡಿಂಗ್ ಸದ್ದಿನಲ್ಲಿ ಸರಿಯಾಗಿ ಕೇಳಲಿಲ್ಲವೆಂದು ಎದ್ದು ಕಿಟಕಿ ಮುಚ್ಚಿ ಮತ್ತೆ ಹಾಕಿದ. ಈಗ ಎಲ್ಲಿದ್ದಾರೆ ನಿಮ್ಮ ಮಗಳು ಎಂದು ಕೇಳಿದ. ಮಿಸ್ ಹೇಳಿದರು. ಅವನು ಕಂಪ್ಯೂಟರಿನ ಕಡೆಗೇ ಮುಖ ಮಾಡಿಕೊಂಡು, "ಮಾಡಿಕೊಡ್ತೀನಿ ಅಮ್ಮಾ. ಅಂಗಡಿಯವರಿಗೆ ಒಂದು ಮಾತು ಹೇಳಿ ಮಾಡಿಕೊಡ್ತೀನಿ" ಎಂದ.

ಆ ಒಂದು ಮಾತೇ ಎಲ್ಲವನ್ನೂ ಕೆಡಿಸಿತು. ಅಂಗಡಿಯವರು ಕೆಟ್ಟವರಲ್ಲ. ಆದರೆ ಸತ್ತುಹೋದ ಹುಡುಗಿಯ ದನಿ ಎಂದು ತಿಳಿದ ಮೇಲೆ ಅವರಿಗೆ ನಡುಕ ಹತ್ತಿತು. ಮಕ್ಕಳು ತೊಡುವ ಬಟ್ಟೆ, ಹೊಸ ವರ್ಷದ ಶಾಲೆ, ಅಪಶಕುನ ಎಂದರು. ಅವತ್ತೇ ಜಾಹೀರಾತನ್ನು ನಿಲ್ಲಿಸಿ, ಬೇರೆ ಸಂಗೀತ ಹಾಕಿಸಿದರು.

ಮಿಸ್ಸಿಗೆ ಇದು ಗೊತ್ತಿರಲಿಲ್ಲ. ಎಂದಿನಂತೆ ಮಧ್ಯಾಹ್ನ ಬಂದು ಕೂತರು. ಅದೇ ಪುಟ್ಟ ಹುಡುಗಿ ಅದೇ ಬ್ಯಾಗನ್ನು ಹೆಗಲಿಗೇರಿಸಿದಳು. ಮಾತಿಲ್ಲ, ಪಿಟೀಲಿಲ್ಲ, ಯಾವುದೋ ಡೋಲಿನ ಸದ್ದು. ಅವರು ಬಾಯಿ ತೆರೆದವರು ಹಾಗೇ ಮುಚ್ಚಿಕೊಂಡರು. ಮುಂದಿನ ಸಲವೂ ಕಾದರು, ಅದರ ಮುಂದಿನ ಸಲವೂ. ಕೊನೆಗೆ ನಾನೇ ವಿಷಯ ಹೇಳಬೇಕಾಯಿತು.

"ಅವ್ರು ಹೇಳಿದ್ದೂ ಸರಿನೇ" ಎಂದರು ಮಿಸ್. "ಎಲ್ರ ಮನೇಲೂ ಮಕ್ಳಿರ್ತಾರೆ." ಬಾಗಿಲವರೆಗೆ ಹೋದವರು ತಿರುಗಿ ನಿಂತು, "ಕೇಳದೆ ಇದ್ದಿದ್ರೆ ಇನ್ನಷ್ಟು ದಿನ ಇರ್ತಿದ್ಲು ಅಲ್ವೇನೇ?" ಎಂದರು. ಅಮ್ಮ ಅವರನ್ನು ತಬ್ಬಿಕೊಂಡು ಅತ್ತಳು. ಮಿಸ್ ಅಳಲಿಲ್ಲ.

ಕೆಲವು ದಿನ ಕಳೆದು ರಾಜೀವನಗರದ ಆ ಮನುಷ್ಯ ಬೈಕಿನಲ್ಲಿ ಬಂದ. ಮುಖ ಎತ್ತಲಾರದೆ ನಿಂತಿದ್ದ. ಜಾಹೀರಾತನ್ನು ತಾನು ಮಾತು ಕೊಟ್ಟ ಹಾಗೆ ತಿದ್ದಿ ಸಿಡಿಗೆ ಹಾಕಿ ತಂದಿದ್ದ. ನಮ್ಮ ಮನೆಯಲ್ಲೇ ಹಾಕಿ ನೋಡಿದೆವು. ಹುಡುಗಿ ಬ್ಯಾಗು ಹಿಡಿದು ನಿಂತಳು. "ಅಮ್ಮ, ಶುರು ಮಾಡ್ಲಾ?" "ಹೂಂ." ಪಿಟೀಲು. ಕೆಳಗೆ ಕನ್ನಡದಲ್ಲಿ ರೀಟಾ ಎಂದು ಹೆಸರು. ಊರಿನಲ್ಲಿ ಇನ್ನು ಯಾರೂ ನೋಡದ ಆ ಜಾಹೀರಾತನ್ನು ನಾವು ನಾಲ್ಕು ಜನ ನೋಡಿದೆವು. ಮಿಸ್ ಅವನ ತಲೆಯ ಮೇಲೆ ಕೈಯಿಟ್ಟು, "ಸರಿಹೋಯ್ತಪ್ಪ" ಎಂದರು.

ಅವತ್ತು ದೀಪ ಹಚ್ಚುವ ಹೊತ್ತಿಗೆ ಗೋಡೆಯಾಚೆ ಹಾರ್ಮೋನಿಯಂ ಕೇಳಿಸಿತು. ಅಷ್ಟು ವರ್ಷಗಳ ಮೇಲೆ. ಅಪ್ಪ ಓದುತ್ತಿದ್ದ ಪೇಪರನ್ನು ಮಡಿಸಿದರು. ಅದೇ ರಾಗ, ಆದರೆ ಮಿಸ್ ತಮ್ಮ ಪಾಲನ್ನಷ್ಟೇ ನುಡಿಸುತ್ತಿದ್ದರು. ಪಿಟೀಲು ಒಂಟಿಯಾಗಿ ಹೋಗಬೇಕಾದ ಕಡೆಯೆಲ್ಲ ನಿಲ್ಲಿಸಿ ಕಾಯುತ್ತಿದ್ದರು, ಅವಳ ಸಾಲು ಮುಗಿಯುವಷ್ಟು ಹೊತ್ತು, ಆಮೇಲೆ ಮುಂದುವರಿಸುತ್ತಿದ್ದರು. ಆಮೇಲಿನ ದಿನಗಳಲ್ಲೂ ಸಂಜೆ ಹಾಗೇ. ಆ ಖಾಲಿ ಜಾಗ ಬಂದಾಗ ಅಮ್ಮ ಒಗ್ಗರಣೆ ಸೌಟನ್ನು ಹಿಡಿದಲ್ಲೇ ಹಿಡಿದಿರುತ್ತಿದ್ದಳು. ನನಗಂತೂ ಕೆಲವು ಸಂಜೆ ಆ ಮೌನದೊಳಗೆ ಪಿಟೀಲು ಸ್ಪಷ್ಟವಾಗಿ ಕೇಳಿದೆ. ಕೇಳಿತು ಎಂದು ಯಾರಿಗೂ ಹೇಳಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ರಾಜೀವನಗರದವನು ಬಂದುಹೋಗುವುದನ್ನು ಬಿಡಲಿಲ್ಲ. ಹೊಸ ಕೆಲಸಕ್ಕೆ ಪುಕ್ಕಟೆ ಸಂಗೀತ ಆರಿಸಿಕೊಂಡಾಗಲೆಲ್ಲ ಅದರ ಕಟ್ಟಳೆಗಳನ್ನು ಪ್ರಿಂಟ್ ತೆಗೆಸಿ ಮಿಸ್ಸಿನ ಮುಂದಿಡುತ್ತಿದ್ದ. ಅವರು ಜಗುಲಿಯಲ್ಲಿ ಕೂತು ಓದಿ ಹೇಳುತ್ತಿದ್ದರು. "ಇವ್ನು ಮದುವೆಗೆ ಹಾಕ್ಕೋ, ಮಾರ್ಬೇಡ ಅಂತವ್ನೆ." "ಇವ್ಳದ್ದನ್ನ ಕತ್ತರಿಸ್ಬೇಡಪ್ಪ, ಬೇಡ ಅಂತ ಬರ್ದವ್ಳೆ, ಅವಳ್ಗೇನಿದ್ಯೋ ಕಾರಣ." ಯಾವ ದೇಶದವರೋ, ಗಂಡೋ ಹೆಣ್ಣೋ, ಬದುಕಿದ್ದಾರೋ ಇಲ್ಲವೋ, ಅವರ ಪಾಲಿಗೆ ಎಲ್ಲರೂ ಯಾರೋ ಒಬ್ಬರ ಮಕ್ಕಳು. ನಾನೂ ಅಲ್ಲೇ ಕಲಿತೆ. ಇವತ್ತಿಗೂ ಒಂದು ಸಣ್ಣ ಸ್ವರವನ್ನು ನನ್ನ ಕೆಲಸದಲ್ಲಿ ಸೇರಿಸುವ ಮುಂಚೆ, ಅದನ್ನು ಕೊಟ್ಟವರು ಏನು ಕೇಳಿಕೊಂಡಿದ್ದಾರೆ ಎಂದು ಕೊನೆಯ ಸಾಲಿನವರೆಗೆ ಓದುತ್ತೇನೆ. ನನ್ನ ಕಸುಬಿನಲ್ಲಿ ಅವರಿಗೆ ನಾನು ಋಣಿಯಾಗಿರುವುದು ಇದಕ್ಕೇ.

ಎರಡು ಮೂರು ವರ್ಷ ಹೀಗೆ ನಡೆಯಿತು. ಒಂದು ಚಳಿಗಾಲದ ಸಂಜೆ ಹಾರ್ಮೋನಿಯಂ ಶುರುವಾಗಿ ನಡುವೆ ನಿಂತಿತು. ಪಿಟೀಲಿನ ಜಾಗವೆಂದು ನಾವು ಕಾದೆವು. ಕಾಯುವ ಹೊತ್ತು ದಾಟಿತು. ಸೌಟನ್ನು ಒಲೆಯ ಪಕ್ಕಕ್ಕೆ ಬಿಸಾಕಿ ಮೊದಲು ಓಡಿದವಳು ಅಮ್ಮ. ಹೃದಯ ನಿಂತಿತ್ತು ಎಂದರು ಡಾಕ್ಟರು.

ಮಾರನೆಯ ದಿನ ಚರ್ಚು ತುಂಬಿತ್ತು. ಅವರ ಕೈಯಲ್ಲಿ ಹಾಡು ಕಲಿತ ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಬಂದಿದ್ದರು. ಆರ್ಗನ್ನಿನ ಮುಂದಿನ ಸ್ಟೂಲು ಖಾಲಿ. ಅದನ್ನು ನುಡಿಸಲು ಬರುತ್ತಿದ್ದವರೇ ಪೆಟ್ಟಿಗೆಯಲ್ಲಿ ಮಲಗಿದ್ದರು. ಹಾಡಿನ ಹೊತ್ತು ಬಂದಾಗ ಯಾರೂ ಶ್ರುತಿ ಕೊಡುವವರಿಲ್ಲದೆ ಜನ ಒಬ್ಬರ ಮುಖ ಒಬ್ಬರು ನೋಡಿದರು. ಹಿಂದಿನ ಸಾಲಿನಿಂದ ಯಾರೋ ಬರಿ ಗಂಟಲಲ್ಲಿ ಶುರು ಮಾಡಿದರು. ಉಳಿದವರು ಒಬ್ಬೊಬ್ಬರಾಗಿ ಕೂಡಿಕೊಂಡರು. ಹಾಡು ಅಲ್ಲಲ್ಲಿ ಇಳಿಯಿತು, ಮತ್ತೆ ಏರಿತು, ಹೇಗೋ ಮುಗಿಯಿತು.

ರಾಜೀವನಗರದವನು ಬಾಗಿಲ ಹೊರಗೆ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಸಮಾಧಿಗೆ ಮಣ್ಣು ಹಾಕಿ ವಾಪಸು ಬರುವಾಗ ನನ್ನ ಜೊತೆ ನಡೆದ. ಗೇಟಿನ ಹತ್ತಿರ ಬಂದಾಗ ನಿಂತ.

"ಮುಂದಿನ ತಿಂಗ್ಳು ಒಂದು ಮದ್ವೆ ವಿಡಿಯೋ ಇದೆ ಮೇಡಂ. ಹೆಣ್ಣೊಪ್ಪಿಸೋ ಜಾಗಕ್ಕೆ ರೀಟಾ ಅವರ ಪಿಟೀಲೇ ಹಾಕ್ಬೇಕು ಅಂತಿದ್ದೆ. ಅಮ್ಮನ್ನ ಕೇಳೋಣ ಅಂತ ಇದ್ದೆ, ಅಷ್ಟರಲ್ಲಿ..." ಎಂದು ತಡೆದ. "ಈಗ ಯಾರನ್ನ ಕೇಳೋದು?"

"ಕೇಳೋದೇನೂ ಇಲ್ಲ" ಅಂದೆ. "ಅವ್ರು ಕೊಟ್ಬುಟ್ಟಿದಾರೆ. ನೀವು ಹೆಸ್ರು ಹಾಕಿ."